ಮೊಬೈಲ್ ಇದೆಯಲ್ಲ, ಮತ್ತೇನು ಬೇಕು?

ಕಣ್ಣು ಕಾಣದವರು ಒಬ್ಬರೇ ಪ್ರಯಾಣ ಹೊರಟರೆ ಈಗ ಎಲ್ಲ ಪ್ರಶ್ನೆಗೂ ಒಂದೇ ಉತ್ತರ ಸಿಗುತ್ತದೆ. ನಿಲ್ದಾಣದಲ್ಲಿ ಘೋಷಣೆ ಯಾಕೆ ನಿಂತಿತು? ಮೊಬೈಲ್ ಇದೆಯಲ್ಲ. ವಿಚಾರಣೆ ಕೌಂಟರ್ ಯಾಕೆ ಮುಚ್ಚಿದಿರಿ? ಮೊಬೈಲ್ ಇದೆಯಲ್ಲ. ಫುಟ್‌ಪಾತ್ ಅಗೆದು ಗುಂಡಿ ತೋಡಿದ್ದೀರಿ, ಸುತ್ತ ಒಂದು ಅಡ್ಡಗಟ್ಟೆಯಾದರೂ ಬೇಡವೇ? ಅಯ್ಯೋ, ನಿಮಗೆ ಮಾತಾಡೋ ಮೊಬೈಲ್ ಇದೆಯಲ್ಲ!

ಗುಂಡಿಗೂ ಮೊಬೈಲಿಗೂ ಏನು ಸಂಬಂಧ ಅಂತ ಕೇಳಬಾರದು. ಕೇಳಿದರೆ ನಾವು ತಂತ್ರಜ್ಞಾನದ ವಿರೋಧಿಗಳಾಗುತ್ತೇವೆ. ಕೃತಘ್ನರು ಎಂಬ ಬಿರುದೂ ಸಿಗಬಹುದು.

ಮೊಬೈಲಿಗೆ ಸಲ್ಲಬೇಕಾದ ಗೌರವ ಮೊದಲು ಸಲ್ಲಿಸಿಬಿಡುತ್ತೇನೆ. 2009ಕ್ಕೆ ಮುಂಚೆ ನಮ್ಮವರು ಕೀಲಿಗಳಿದ್ದ ಫೋನಿಗೆ ಬೇರೆ ದುಡ್ಡು ಕೊಟ್ಟು, ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಹಾಕಿಸಿಕೊಳ್ಳುತ್ತಿದ್ದರು. ಆ ವರ್ಷ ಐಫೋನ್ 3ಜಿಎಸ್ ಬಂತು. ಅದರೊಳಗೇ ವಾಯ್ಸ್‌ಓವರ್ ಎಂಬ ಸ್ಕ್ರೀನ್ ರೀಡರ್ ಇತ್ತು. ಆಂಡ್ರಾಯ್ಡ್‌ಗೆ ಅಂಥದ್ದೇ ಟಾಕ್‌ಬ್ಯಾಕ್ ಬಂದದ್ದೂ ಅದೇ ವರ್ಷ. ನುಣುಪಾದ ಗಾಜಿನ ಮೇಲೆ ಬೆರಳಾಡಿಸಿದರೆ ಕೆಳಗೇನಿದೆ ಅಂತ ಹೇಳುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಅಂಕಿ, ಅಕ್ಷರದ ಕೀಲಿಗಳೇ ಇಲ್ಲದ ಗಾಜಿನ ತುಂಡನ್ನು ಕುರುಡರು ಬಳಸುತ್ತಾರೆ ಎಂದರೆ ಅದು ನಿಜಕ್ಕೂ ದೊಡ್ಡ ಕೆಲಸ. ಆ ಎಂಜಿನಿಯರುಗಳಿಗೆ ನಮಸ್ಕಾರ.

ಫೋನಿನ ಪರದೆಯನ್ನು ಪೂರ್ತಿ ಕಪ್ಪಾಗಿಸಿ ಧ್ವನಿಯಲ್ಲೇ ಬಳಸುವ ಸೌಲಭ್ಯವೂ ಉಂಟು. ಪಕ್ಕದವರು ನಮ್ಮ ಸಂದೇಶ ಇಣುಕಿ ಓದಬಾರದಲ್ಲ, ಅದಕ್ಕೆ. ಆದರೆ ಇಣುಕುವವರಿಗೆ ಇದರಿಂದ ತುಂಬಾ ಸಂಕಟ. 'ಸಾರ್, ನಿಮ್ಮ ಫೋನ್ ಆಫ್ ಆಗಿದೆ' ಎನ್ನುತ್ತಾರೆ. ಇಲ್ಲ, ಆನ್ ಇದೆ ಎಂದರೆ ನಂಬುವುದಿಲ್ಲ. ಪಾಪ, ಗೊತ್ತಾಗ್ತಿಲ್ಲ ಅಂತ ಮರುಗುತ್ತಾರೆ. ಇನ್ನೂ ಮುಂದುವರಿದ ಕೆಲವರು ಕೈಹಾಕಿ ಪಕ್ಕದ ಬಟನ್ ಒತ್ತಿ ಉಪಕಾರ ಮಾಡುತ್ತಾರೆ. ಅಷ್ಟರಲ್ಲಿ ದಾರಿ ಹೇಳುತ್ತಿದ್ದ ಆ್ಯಪ್ ಮೌನವಾಗಿರುತ್ತದೆ.

ಈಗ ದಾರಿಗೆ ಬರೋಣ.

ನಮ್ಮ ಜೇಬಿನಲ್ಲಿರುವ ಫೋನು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳ ಮಾತು ಕೇಳಿಸಿಕೊಂಡು ನಾವೆಲ್ಲಿದ್ದೇವೆ ಅಂತ ಲೆಕ್ಕ ಹಾಕುತ್ತದೆ. ಮೊದಲು ಅಮೆರಿಕ ಸರ್ಕಾರ ಸಾರ್ವಜನಿಕರಿಗೆ ಸಿಗುವ ಸಂಕೇತದಲ್ಲಿ ಬೇಕಂತಲೇ ತಪ್ಪು ಬೆರೆಸುತ್ತಿತ್ತು. 2000ನೇ ಇಸವಿಯ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಿತು. ಆಕಾಶದಲ್ಲಿ ಬೇಕಂತಲೇ ಮಾಡುತ್ತಿದ್ದ ತಪ್ಪು ಹಾಗೆ ನಿಂತಿತು. ನೆಲದ ಮೇಲೆ ಮಾಡುವುದು ಇನ್ನೂ ನಡೆದೇ ಇದೆ.

ಬಯಲಲ್ಲಿ ನಿಂತರೆ ಮೊಬೈಲಿನ ಜಿಪಿಎಸ್ ಸುಮಾರು ಐದು ಮೀಟರಿನ ಆಚೀಚೆ ಸರಿಯಾಗಿ ಹೇಳುತ್ತದೆ. ಎತ್ತರದ ಕಟ್ಟಡಗಳ ನಡುವೆ ಸಂಕೇತ ಗೋಡೆಗೆ ಬಡಿದು ಬರುವುದರಿಂದ ತಪ್ಪು ಇನ್ನೂ ಜಾಸ್ತಿ. ಐದು ಮೀಟರ್ ಏನು ಮಹಾ, ಕಾರು ಓಡಿಸುವವರಿಗೆ ಅದು ಲೆಕ್ಕಕ್ಕೇ ಇಲ್ಲ. ಕೋಲು ಹಿಡಿದು ನಡೆಯುವವರಿಗೆ ಐದು ಮೀಟರ್ ಎಂದರೆ ರಸ್ತೆಯ ಈಚೆ ದಡವೋ ಆಚೆ ದಡವೋ ಎಂಬ ವ್ಯತ್ಯಾಸ. ಫುಟ್‌ಪಾತೋ ಚರಂಡಿಯೋ ಎಂಬ ವ್ಯತ್ಯಾಸ. ದಂತವೈದ್ಯರ ಬಾಗಿಲೋ ಪಕ್ಕದ ಕ್ಷೌರದಂಗಡಿಯ ಬಾಗಿಲೋ ಎಂಬ ವ್ಯತ್ಯಾಸ. ಎರಡೂ ಕಡೆ ಕುರ್ಚಿ ಹಿಂದಕ್ಕೆ ಬಾಗುತ್ತದೆ, ಬಾಯಿ ತೆರೆಯಿರಿ ಅಂದಾಗಲೇ ಖಾತ್ರಿಯಾಗುವುದು.

ಹೊರಡುವಾಗಿನ ತಮಾಷೆ ಬೇರೆ. 'ವಾಯವ್ಯ ದಿಕ್ಕಿಗೆ ಹೊರಡಿ' ಎನ್ನುತ್ತದೆ ನಕ್ಷೆ. ಕಣ್ಣಿದ್ದವರೂ ಇದನ್ನು ಕೇಳಿ ನಾಲ್ಕು ಹೆಜ್ಜೆ ಸುಮ್ನೆ ನಡೆದು, ನೀಲಿ ಚುಕ್ಕೆ ಎತ್ತ ಹೋಯಿತು ಅಂತ ನೋಡಿ, ಆಮೇಲೆ ತಿರುಗುತ್ತಾರೆ. ನಾವೂ ನಾಲ್ಕು ಹೆಜ್ಜೆ ನಡೆಯುತ್ತೇವೆ. ಚುಕ್ಕೆ ಎತ್ತ ಹೋಯಿತೋ ಅದಕ್ಕೇ ಗೊತ್ತು. ನಮ್ಮ ಆ್ಯಪುಗಳಲ್ಲಿ ಗಡಿಯಾರದ ಮುಳ್ಳಿನ ಲೆಕ್ಕ ಇರುತ್ತದೆ. ಎದುರಿಗೆ ಹನ್ನೆರಡು ಗಂಟೆ, ಬಲಕ್ಕೆ ಮೂರು. 'ಬಸ್ ಸ್ಟಾಪ್ ಎರಡು ಗಂಟೆಯ ದಿಕ್ಕಿನಲ್ಲಿ' ಎಂದರೆ ತಕ್ಷಣ ತಿಳಿಯುತ್ತದೆ. ಇಷ್ಟು ಸರಳ ಉಪಾಯವನ್ನು ಎಲ್ಲ ನಕ್ಷೆಗಳಲ್ಲೂ ಇಡಲು ಏನು ಕಷ್ಟವೋ ಕಾಣೆ. ಬಹುಶಃ ವಾಯವ್ಯದಲ್ಲಿ ಕೂತು ಯೋಚಿಸುತ್ತಿರಬೇಕು.

ಕೊನೆಗೂ ತಲುಪುತ್ತೇವೆ. ಅಂದರೆ ಫೋನು ತಲುಪುತ್ತದೆ. 'ನೀವು ಗಮ್ಯಸ್ಥಾನವನ್ನು ತಲುಪಿದ್ದೀರಿ' ಎಂದು ಘೋಷಿಸಿ ಕೆಲಸ ಮುಗಿಸಿ ಮಲಗಿಬಿಡುತ್ತದೆ. ನಾವು ಗೋಡೆಯ ಮುಂದೆ ನಿಂತಿರುತ್ತೇವೆ. ನಕ್ಷೆಗೆ ಕಟ್ಟಡ ಎಂದರೆ ಒಂದು ಬಿಂದು. ಆ ಬಿಂದು ಕಟ್ಟಡದ ಹೊಟ್ಟೆಯಲ್ಲೆಲ್ಲೋ ಇರುತ್ತದೆ. ಬಾಗಿಲು ಯಾವ ಬದಿಗಿದೆ, ಮೆಟ್ಟಿಲು ಇದೆಯೋ ಇಳಿಜಾರು ಇದೆಯೋ ಎಂಬುದು ಹೆಚ್ಚಿನ ಸಲ ನಕ್ಷೆಯಲ್ಲಿ ಇರುವುದೇ ಇಲ್ಲ. ಖಂಡಾಂತರ ದಾಟಿಸಿ ತಂದ ಫೋನು ಕೊನೆಯ ಹತ್ತು ಮೀಟರಿಗೆ ಕೈ ಬಿಡುತ್ತದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಅದೇ.

ಬಸ್ ಸ್ಟಾಪಿನದೂ ಇದೇ ಪಾಡು. ಸ್ಟಾಪಿನ ಕಂಬದಿಂದ ಸ್ವಲ್ಪ ದೂರ ನಿಂತವರನ್ನು ಬಸ್ಸಿನವರು ಪ್ರಯಾಣಿಕರೆಂದು ಒಪ್ಪುವುದಿಲ್ಲ. ಸುಮ್ಮನೆ ಗಾಳಿ ಸೇವನೆಗೆ ನಿಂತವರು ಅಂದುಕೊಂಡು ಹೋಗಿಬಿಡುತ್ತಾರೆ. ಅಮೆರಿಕದ ಬಾಸ್ಟನ್ ಬಳಿಯ ಪರ್ಕಿನ್ಸ್ ಅಂಧರ ಶಾಲೆ 2016ರಲ್ಲಿ ಬ್ಲೈಂಡ್‌ವೇಸ್ ಎಂಬ ಆ್ಯಪ್ ಮಾಡಿತು. ಸ್ಟಾಪಿನ ಪಕ್ಕ ಮರ ಇದೆ, ಬೆಂಚು ಇದೆ, ಕಂಬ ದಪ್ಪಗಿದೆ ಎಂಬ ಸುಳಿವುಗಳನ್ನು ಜನರೇ ಅದರಲ್ಲಿ ಬರೆದಿಡುತ್ತಿದ್ದರು. ಎಷ್ಟು ಉಪಗ್ರಹ ಹಾರಿಸಿದರೂ ಕಡೆಗೆ ಬೇಕಾದದ್ದು 'ಮರದ ಪಕ್ಕ' ಎಂಬ ಎರಡು ಪದ. ಇದನ್ನು ಒಪ್ಪಿಕೊಂಡರೆ ಉದ್ಘಾಟನೆಗೆ ರಿಬ್ಬನ್ ಕಟ್ಟಲು ಜಾಗ ಸಿಗುವುದಿಲ್ಲ ನೋಡಿ.

ಉದ್ಘಾಟನೆ ಎಂದಾಗ ಸ್ಮಾರ್ಟ್ ಕೋಲು ನೆನಪಾಯಿತು. ಅಡ್ಡಿ ಬಂದರೆ ಗುಂಯ್ ಎನ್ನುವ, ನಡುಗುವ ಕೋಲನ್ನು ಜಗತ್ತಿನ ಎಲ್ಲೋ ಒಂದು ಕಾಲೇಜು ಪ್ರತಿ ವರ್ಷ ಹೊಸದಾಗಿ ಕಂಡುಹಿಡಿಯುತ್ತದೆ. ಶಬ್ದದ ತರಂಗದಿಂದ ಅಡ್ಡಿ ಪತ್ತೆ ಮಾಡುವ ಟಾರ್ಚನ್ನು ಲೆಸ್ಲಿ ಕೇ ಎಂಬ ವಿಜ್ಞಾನಿ 1960ರ ದಶಕದಲ್ಲೇ ಮಾಡಿದ್ದರು. ಇರಲಿ, ಕಂಡುಹಿಡಿಯಲು ನಮ್ಮ ಅಭ್ಯಂತರ ಇಲ್ಲ. ಕೆಲವು ಕೋಲುಗಳು ಚೆನ್ನಾಗಿಯೂ ಇವೆ, ಎದೆಮಟ್ಟದಲ್ಲಿ ಚಾಚಿಕೊಂಡ ಕೊಂಬೆಯನ್ನು ಮೊದಲೇ ಹೇಳುತ್ತವೆ. ಆದರೆ ಪ್ರದರ್ಶನದ ರೀತಿ ನೋಡಿ. ಕಣ್ಣು ಕಾಣುವ ವಿದ್ಯಾರ್ಥಿಯೊಬ್ಬ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಒಂದೂ ಅಡ್ಡಿ ಇಲ್ಲದ ಸಭಾಂಗಣದಲ್ಲಿ, ಒಂದು ಕುರ್ಚಿಯ ಕಡೆಗೆ ನಡೆಯುತ್ತಾನೆ. ಕುರ್ಚಿ ಬಂದಾಗ ಕೋಲು ಗುಂಯ್ ಎನ್ನುತ್ತದೆ. ಚಪ್ಪಾಳೆ. ಸಾದಾ ಬಿಳಿ ಕೋಲು ಕೂಡ ಆ ಕುರ್ಚಿಯನ್ನು ಅಷ್ಟೇ ಚೆನ್ನಾಗಿ ಕಂಡುಹಿಡಿಯುತ್ತಿತ್ತು, ಚಾರ್ಜ್ ಕೂಡ ಕೇಳುತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ ಕೂತ ಅಂಧರನ್ನು ಯಾರೂ ವೇದಿಕೆಗೆ ಕರೆಯುವುದಿಲ್ಲ. ಅವರು ಫೋಟೊಗೆ.

ನೆಲದ ಮೇಲೆ ಮಾಡಬೇಕಾದದ್ದನ್ನು ಯಾರೂ ಕಂಡುಹಿಡಿಯದೆ ಬಿಟ್ಟಿಲ್ಲ. ಜಪಾನಿನ ಸೇಯಿಚಿ ಮಿಯಾಕೆ 1965ರಲ್ಲಿ ಕಾಲಿಗೆ ತಿಳಿಯುವ ಉಬ್ಬುಗಲ್ಲು ಮಾಡಿದರು. 1967ರಲ್ಲಿ ಒಕಾಯಾಮಾದಲ್ಲಿ ಅಂಧರ ಶಾಲೆಯ ಹತ್ತಿರ ಅದನ್ನು ಮೊದಲು ಹಾಸಿದರು. ಈಗ ಜಗತ್ತಿನ ತುಂಬ ಇರುವ ಹಳದಿ ಪಟ್ಟಿಯ ಮೂಲ ಅದೇ. ಅದರ ವ್ಯಾಕರಣ ಎಷ್ಟು ಚಿಕ್ಕದು ಎಂದರೆ ಎರಡೇ ನಿಯಮ. ಉದ್ದ ಗೆರೆ ಇದ್ದರೆ ನಡೆ. ಚುಕ್ಕೆ ಇದ್ದರೆ ನಿಲ್ಲು, ಮುಂದೇನೋ ಇದೆ. ಬ್ಯಾಟರಿ ಬೇಡ, ನೆಟ್‌ವರ್ಕ್ ಬೇಡ, ಅಪ್‌ಡೇಟ್ ಬೇಡ.

ಇಷ್ಟು ಸುಲಭದ ವ್ಯಾಕರಣದಲ್ಲಿ ನಮ್ಮ ಗುತ್ತಿಗೆದಾರರು ಬರೆಯುವ ಕಾವ್ಯ ಓದಬೇಕು. ಗೆರೆ ಹಿಡಿದು ನೇರ ಹೋದರೆ ದೀಪದ ಕಂಬ. ಕಂಬದ ಸುತ್ತ ಬಳಸಿ ಹೋಗುವುದಿಲ್ಲ, ಕಂಬದ ಬುಡದ ತನಕ ಶ್ರದ್ಧೆಯಿಂದ ಹೋಗಿ, ಕಂಬದ ಆಚೆ ಮತ್ತೆ ಶುರುವಾಗುತ್ತದೆ. ಪಟ್ಟಿಯ ಮಟ್ಟಿಗೆ ಕಂಬವೂ ದಾರಿಯೇ. ಇನ್ನೊಂದು ಕಡೆ ಕೇಬಲ್ ಹಾಕಲು ಕಲ್ಲು ಕಿತ್ತವರು ವಾಪಸ್ ಜೋಡಿಸುವಾಗ ಅಡ್ಡಡ್ಡ ಇಟ್ಟಿರುತ್ತಾರೆ. ನಾಲ್ಕೂ ಕಡೆ ಸಮ ಇರುವ ಕಲ್ಲು, ಹೇಗಿಟ್ಟರೂ ಕೂರುತ್ತದೆ. ಅದನ್ನು ನಂಬಿದರೆ ಫುಟ್‌ಪಾತ್ ಬಿಟ್ಟು ಸೀದಾ ವಾಹನಗಳ ನಡುವೆ. ಮತ್ತೊಂದು ಕಡೆ ವಾಸ್ತುಶಿಲ್ಪಿಗೆ ಹಳದಿ ಇಷ್ಟವಿಲ್ಲ. ನೆಲದ ಬೂದುಬಣ್ಣಕ್ಕೆ ಹೊಂದುವ ಬೂದು ಕಲ್ಲನ್ನೇ ಹಾಕಿಸುತ್ತಾನೆ. ಅಲ್ಪಸ್ವಲ್ಪ ದೃಷ್ಟಿ ಇರುವವರಿಗೆ ಬಣ್ಣದ ಎದ್ದುಕಾಣುವಿಕೆಯೇ ಮುಖ್ಯ ಅಲ್ವಾ ಎಂದರೆ, ಕಟ್ಟಡದ ಅಂದ ಕೆಡುತ್ತದಲ್ಲ ಎನ್ನುತ್ತಾನೆ. ಕೆಲವೆಡೆ ಪಟ್ಟಿ ಬಳ್ಳಿಯ ಹಾಗೆ ಬಳುಕುತ್ತದೆ. ಡ್ರೋನಿನಿಂದ ತೆಗೆದ ಫೋಟೊದಲ್ಲಿ ಚಂದ ಕಾಣುತ್ತದಂತೆ. ನಾವು ಡ್ರೋನಿನ ಎತ್ತರದಲ್ಲಿ ನಡೆಯುವುದಿಲ್ಲ ಎಂಬುದು ಚಿಕ್ಕ ತಾಂತ್ರಿಕ ತೊಂದರೆ.

ಪಟ್ಟಿ ಸರಿಯಾಗಿದ್ದರೆ ಅದರ ಮೇಲೆ ಜನ. ಸೂಟ್‌ಕೇಸು ಎಳೆಯಲು ಉಬ್ಬು ತೊಡಕು, ನಿಲ್ಲಿಸಲು ಮಾತ್ರ ಅದೇ ಪ್ರಶಸ್ತ ಸ್ಥಳ. ಬಾಡಿಗೆ ಸ್ಕೂಟರುಗಳಿಗೂ ಅದೇ ತವರು. ತಮ್ಮ ಮೊಬೈಲಿನಲ್ಲಿ ದಾರಿ ಹುಡುಕುವವರು ಸರಿಯಾಗಿ ನಮ್ಮ ದಾರಿಯ ಮೇಲೇ ನಿಂತು ಹುಡುಕುತ್ತಾರೆ. ಕೋಲು ತಾಗಿದರೆ 'ನೋಡ್ಕೊಂಡು ಹೋಗೋಕಾಗಲ್ವಾ' ಎನ್ನುತ್ತಾರೆ. ಆಗಲ್ಲ ಎಂಬ ಸತ್ಯವಾದ ಉತ್ತರ ಕೇಳಿ ಅವರಿಗಾಗುವ ಗಾಬರಿಯೇ ಪ್ರಯಾಣದ ಸಣ್ಣ ಸಂತೋಷಗಳಲ್ಲಿ ಒಂದು.

ಬ್ರೈಲ್ ಫಲಕದ ಕಥೆ ಇನ್ನೂ ಚೆನ್ನ. ತಲೆಗಿಂತ ಎರಡು ಅಡಿ ಮೇಲೆ ಹಾಕಿದ ಬ್ರೈಲ್ ಉಂಟು. ಗಾಜಿನ ಹಿಂದೆ ಇಟ್ಟು ಕಾಪಾಡಿದ ಬ್ರೈಲ್ ಉಂಟು. ಎಲ್ಲಕ್ಕಿಂತ ಮೇಲು, ಚಪ್ಪಟೆಯಾಗಿ ಮುದ್ರಿಸಿದ ಬ್ರೈಲ್. ಚುಕ್ಕೆಗಳ ಚಿತ್ರ, ಅಷ್ಟೇ. ಕಣ್ಣಿದ್ದವರಿಗೆ ಓದಲು ಬರುವುದಿಲ್ಲ, ಓದಲು ಬರುವವರ ಬೆರಳಿಗೆ ಸಿಗುವುದಿಲ್ಲ. ಆನೆ ಮುಟ್ಟಿದ ಕುರುಡರ ಕಥೆ ಹೇಳಿಕೊಂಡು ಜನ ನಗುತ್ತಾರೆ. ಆ ಕುರುಡರು ಮುಟ್ಟಿಯಾದರೂ ನೋಡಿದ್ದರು. ಈ ಫಲಕಕ್ಕೆ ಬಿಲ್ ಪಾಸ್ ಮಾಡಿದವರು ಅದನ್ನೂ ಮಾಡಿಲ್ಲ.

ಈಗೀಗ ಬ್ರೈಲ್ ಕೂಡ ಹಳತಾಯಿತಂತೆ. ಕ್ಯುಆರ್ ಕೋಡ್ ಅಂಟಿಸುತ್ತಾರೆ. 'ದೃಷ್ಟಿ ಸವಾಲು ಇರುವವರು ಧ್ವನಿ ಮಾಹಿತಿಗಾಗಿ ಸ್ಕ್ಯಾನ್ ಮಾಡಿ' ಎಂದು ಸಣ್ಣ ಅಕ್ಷರದಲ್ಲಿ ಬರೆದು, ಕಂಬವೊಂದರ ಮೇಲೆ, ನಾಣ್ಯದಷ್ಟು ದೊಡ್ಡ ಚೌಕ. ಯಾವ ಕಂಬ, ಯಾವ ಬದಿ ಎಂದು ಕೇಳಿ ತಿಳಿಯಲು ಪಕ್ಕದವರನ್ನು ಹುಡುಕಬೇಕು. ಪಕ್ಕದವರು ಸಿಕ್ಕರೆ ದಾರಿಯನ್ನೇ ಕೇಳಬಹುದು, ಸ್ಕ್ಯಾನ್ ಯಾಕೆ? ಉತ್ತರ ಇಲ್ಲದ ಸಮಸ್ಯೆಯೇನಲ್ಲ ಇದು. ಸ್ಪೇನಿನಲ್ಲಿ ರೂಪಿಸಿದ ನಾವಿಲೆನ್ಸ್ ಎಂಬ ಬಣ್ಣದ ಕೋಡ್ ಇದೆ. ಫೋನನ್ನು ಸುಮ್ನೆ ಆ ಕಡೆ ಬೀಸಿದರೆ ಸಾಕು, ದೂರದಿಂದಲೇ ಹಿಡಿದು, ಎಷ್ಟು ದೂರ, ಯಾವ ಕಡೆ ಅಂತ ಹೇಳುತ್ತದೆ. ಬಾರ್ಸಿಲೋನಾದ ಬಸ್ಸು, ಮೆಟ್ರೋಗಳಲ್ಲಿ ಬಳಸುತ್ತಾರೆ. ಇದು ಗೊತ್ತಿದ್ದೂ ನಾಣ್ಯದ ಚೌಕ ಅಂಟಿಸುವವರ ಆತ್ಮವಿಶ್ವಾಸಕ್ಕೆ ಏನೆನ್ನೋಣ.

ಆ್ಯಪುಗಳ ಒಳಗೂ ಇದೇ ಕಂಬ, ಇದೇ ಗುಂಡಿ. ಟಿಕೆಟ್ ಆ್ಯಪ್ ತೆರೆದರೆ ಸ್ಕ್ರೀನ್ ರೀಡರ್ ಓದುತ್ತದೆ: 'ಬಟನ್. ಬಟನ್. ಲೇಬಲ್ ಇಲ್ಲದ ಬಟನ್. ಚಿತ್ರ.' ಯಾವುದು ಟಿಕೆಟ್ ಕೊಡುತ್ತದೆ, ಯಾವುದು ರದ್ದು ಮಾಡುತ್ತದೆ ಎಂಬುದು ಲಾಟರಿ. ನಾವು ಒತ್ತಿ ಒತ್ತಿ ಬಾಯಿಪಾಠ ಮಾಡುತ್ತೇವೆ. ಎಡದಿಂದ ಮೂರನೆಯದು ಪಾವತಿ, ಕೆಳಗಿನ ಎರಡನೆಯದು ಪ್ಲಾಟ್‌ಫಾರ್ಮ್. ಪಾಠ ಗಟ್ಟಿಯಾದ ದಿನವೇ ಅಪ್‌ಡೇಟ್ ಬರುತ್ತದೆ. 'ಹೊಸ ಅನುಭವಕ್ಕೆ ಸ್ವಾಗತ' ಎನ್ನುತ್ತಾರೆ. ಅನುಭವ ಹೊಸದೇ, ಸುಳ್ಳಲ್ಲ. ಪಾವತಿ ಒತ್ತಿದರೆ ಜಾಹೀರಾತು ಹಾಡುತ್ತದೆ.

ವೆಬ್ ಪುಟ ಎಲ್ಲರಿಗೂ ಬಳಸಲು ಬರುವಂತಿರಬೇಕು ಎಂಬ ಡಬ್ಲ್ಯುಸಿಎಜಿ ಮಾರ್ಗಸೂಚಿ 1999ರಿಂದಲೂ ಇದೆ. ವೆಬ್‌ಏಮ್ ಎಂಬ ಸಂಸ್ಥೆ ಪ್ರತಿ ವರ್ಷ ಹತ್ತು ಲಕ್ಷ ಮುಖಪುಟಗಳನ್ನು ತಪಾಸಣೆ ಮಾಡುತ್ತದೆ. 2019ರಲ್ಲಿ ಶೇ. 97.8ರಷ್ಟು ಪುಟಗಳಲ್ಲಿ ಆ ಮಾರ್ಗಸೂಚಿಯ ಉಲ್ಲಂಘನೆ ಸಿಕ್ಕಿತ್ತು. 2024ರಲ್ಲಿ ಶೇ. 95.9. ಕೂಗಾಡಬೇಡಿ, ಪ್ರಗತಿ ಆಗುತ್ತಿದೆ. ಇದೇ ವೇಗದಲ್ಲಿ ಹೋದರೆ ಇನ್ನು ಸುಮಾರು ಇನ್ನೂರೈವತ್ತು ವರ್ಷಕ್ಕೆ ಎಲ್ಲ ಸರಿಹೋಗುತ್ತದೆ. ಅಷ್ಟರವರೆಗೆ ದಯವಿಟ್ಟು ಮನೆಯಲ್ಲೇ ಇರಿ. ಹೊರಗೆ ಹೋಗಲೇಬೇಕು ಎಂದರೆ ನೀವು ಮನುಷ್ಯರೆಂದು ಸಾಬೀತು ಮಾಡಿ: ಟ್ರಾಫಿಕ್ ಲೈಟ್ ಕಾಣುವ ಚೌಕಗಳನ್ನೆಲ್ಲ ಆರಿಸಿ.

ಮಳೆ ಬಂದರೆ ಮಾತ್ರ ಎಲ್ಲ ಆ್ಯಪುಗಳೂ ಸಮಾನ. ಒದ್ದೆ ಬೆರಳಿಗೆ ಗಾಜು ಕಿವುಡಾಗುತ್ತದೆ. ಒಂದು ಕೈಲಿ ಕೋಲು, ಒಂದು ಕೈಲಿ ಚೀಲ, ಫೋನಿಗೆ ಮೂರನೆಯ ಕೈ ಎಲ್ಲಿಂದ ತರುವುದು ಎಂಬುದನ್ನು ಯಾವ ಪ್ರದರ್ಶನದಲ್ಲೂ ತೋರಿಸುವುದಿಲ್ಲ.

ಹೋಗಲಿ, ಒಂದು ಆ್ಯಪ್ ನಿಜಕ್ಕೂ ಚೆನ್ನಾಗಿತ್ತು ಅನ್ನಿ. ಅದನ್ನು ಮುಚ್ಚುತ್ತಾರೆ. ಮೈಕ್ರೋಸಾಫ್ಟ್ 2018ರಲ್ಲಿ ಸೌಂಡ್‌ಸ್ಕೇಪ್ ತಂದಿತ್ತು. ಹೋಗಬೇಕಾದ ಜಾಗ ಯಾವ ದಿಕ್ಕಿಗಿದೆಯೋ ಆ ದಿಕ್ಕಿನಿಂದಲೇ ಕಿವಿಗೆ ದನಿ ಕೇಳುತ್ತಿತ್ತು. ವಾಯವ್ಯದ ಗೋಜಿಲ್ಲ. ನಮ್ಮವರು ಅದನ್ನು ನೆಚ್ಚಿಕೊಂಡರು. 2023ರಲ್ಲಿ ಕಂಪನಿ ಸೇವೆ ನಿಲ್ಲಿಸಿತು. ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟದ್ದು ದೊಡ್ಡ ಮನಸ್ಸು, ಬೇರೆಯವರು ಅದರಿಂದ ಹೊಸ ಆ್ಯಪುಗಳನ್ನು ಕಟ್ಟಿದರು. ಆದರೂ ನೀವು ದಿನಾ ನಡೆಯುವ ಬೀದಿಯ ಬಗ್ಗೆ 'ಈ ರಸ್ತೆಯ ಬೆಂಬಲ ಜೂನ್ ಕೊನೆಗೆ ಮುಗಿಯುತ್ತದೆ' ಎಂಬ ಇಮೇಲ್ ಬಂದರೆ ಹೇಗಿರುತ್ತದೆ ಎಂದು ಕಣ್ಣಿದ್ದವರೂ ಒಮ್ಮೆ ಊಹಿಸಿಕೊಳ್ಳಬಹುದು.

ಈಗ ಎಐ ಬಂದಿದೆ. ಕ್ಯಾಮೆರಾ ತೋರಿಸಿದರೆ ಎದುರಿಗಿರುವುದನ್ನು ವರ್ಣಿಸುತ್ತದೆ. ಬಿ ಮೈ ಐಸ್ ಎಂಬ ಆ್ಯಪ್ 2015ರಿಂದ ವಿಡಿಯೊ ಕರೆಯಲ್ಲಿ ಸ್ವಯಂಸೇವಕರ ಕಣ್ಣನ್ನು ಸಾಲ ಕೊಡಿಸುತ್ತಿತ್ತು. 2023ರಿಂದ ಯಂತ್ರದ ಕಣ್ಣೂ ಸೇರಿಕೊಂಡಿತು. ಪ್ಯಾಕೆಟ್ಟಿನ ಮೇಲಿನದು ಓದಲು, ರೂಮ್ ನಂಬರ್ ನೋಡಲು ಬಲು ಉಪಯೋಗ, ಸುಳ್ಳು ಹೇಳಬಾರದು. ಆದರೆ ಸಿಗ್ನಲ್ ಹತ್ತಿರ ಹಿಡಿದರೆ ಅದಕ್ಕೆ ಕವಿತ್ವ ಬರುತ್ತದೆ. 'ಇದು ಹಸಿರು ಮರಗಳಿಂದ ಕೂಡಿದ ಚಟುವಟಿಕೆಯ ಬೀದಿ. ಸಂಜೆಯ ಬೆಳಕು ಕಟ್ಟಡಗಳ ಮೇಲೆ ಹರಡಿದೆ.' ಸ್ವಾಮೀ, ಬೆಳಕು ಎಲ್ಲಾದರೂ ಹರಡಲಿ, ದೀಪ ಕೆಂಪೋ ಹಸಿರೋ? ರಸ್ತೆ ದಾಟಲು ಇದನ್ನು ನಂಬಬೇಡಿ ಎಂದು ಇಂಥ ಆ್ಯಪುಗಳೇ ಎಚ್ಚರಿಸುತ್ತವೆ. ಟಿಕ್ ಟಿಕ್ ಸದ್ದು ಮಾಡುವ ಸಿಗ್ನಲ್ ಒಂದಿದ್ದರೆ ಕವಿಯೂ ಬೇಡ, ಎಚ್ಚರಿಕೆಯೂ ಬೇಡ. ಆ ಸದ್ದು ನಿದ್ದೆ ಕೆಡಿಸುತ್ತದೆ ಅಂತ ಅಕ್ಕಪಕ್ಕದವರು ದೂರಿದರೆ ಸಿಗ್ನಲ್ಲಿನ ಬಾಯಿ ಮುಚ್ಚಿಸುವುದೇ ಸುಲಭದ ದಾರಿ. ನಮಗೆ ಹೇಗೂ ಮೊಬೈಲ್ ಇದೆಯಲ್ಲ.

ವಿಮಾನ ನಿಲ್ದಾಣವನ್ನು ಬಿಟ್ಟರೆ ಪ್ರವಾಸಕಥನ ಪೂರ್ತಿ ಆಗುವುದಿಲ್ಲ. ವಿಮಾನಯಾನದಲ್ಲಿ ಸಹಾಯ ಬೇಕಾದವರಿಗೆಲ್ಲ ಅಂತರರಾಷ್ಟ್ರೀಯ ಸಂಕೇತಗಳಿವೆ. ಗಾಲಿಕುರ್ಚಿ ಬೇಕಾದವರಿಗೆ ಡಬ್ಲ್ಯುಸಿಎಚ್‌ಆರ್. ಕಣ್ಣು ಕಾಣದವರಿಗೆ ಬೇರೆಯದೇ, ಬಿಎಲ್‌ಎನ್‌ಡಿ. ಆ್ಯಪಿನಲ್ಲಿ ಬಿಎಲ್‌ಎನ್‌ಡಿ ಆರಿಸಿಕೊಂಡು ಹೋದರೂ ಬಾಗಿಲಲ್ಲಿ ಕಾಯುತ್ತಿರುವುದು ಗಾಲಿಕುರ್ಚಿಯೇ. ನನ್ನ ಕಾಲು ಚೆನ್ನಾಗಿದೆ, ನಿಮ್ಮ ಮೊಣಕೈ ಹಿಡಿದು ನಡೆಯುತ್ತೇನೆ ಎಂದರೆ ಆ ಹುಡುಗನಿಗೆ ಧರ್ಮಸಂಕಟ. ಮೊಣಕೈ ಅವನ ರಿಜಿಸ್ಟರಿನಲ್ಲಿ ಇಲ್ಲ. ಕುರ್ಚಿ ಇದೆ. ಕೊನೆಗೊಂದು ರಾಜಿ ಆಗುತ್ತದೆ. ನನ್ನ ಚೀಲ ಗಾಲಿಕುರ್ಚಿಯಲ್ಲಿ ಕೂರುತ್ತದೆ, ನಾನು ಪಕ್ಕದಲ್ಲಿ ನಡೆಯುತ್ತೇನೆ. ಚೀಲಕ್ಕೆ ಎಲ್ಲರೂ ದಾರಿ ಬಿಡುತ್ತಾರೆ.

ಇಷ್ಟೆಲ್ಲ ಆದಮೇಲೆ ದೂರು ಕೊಡದೆ ಇರಲು ಮನಸ್ಸು ಕೇಳಲಿಲ್ಲ. ಉಬ್ಬುಪಟ್ಟಿಯ ನಡುವೆ ನಿಂತ ಕಂಬವೊಂದರ ಬಗ್ಗೆ, ಸಂಬಂಧಪಟ್ಟವರ ಆ್ಯಪಿನಲ್ಲೇ. ವಿಷಯ ಬರೆದೆ. 'ನಕ್ಷೆಯ ಮೇಲೆ ಪಿನ್ ಎಳೆದು ಸ್ಥಳ ಗುರುತಿಸಿ' ಎಂದಿತು. ಎಳೆಯಲು ಪಿನ್ ಯಾರಿಗೆ ಕಾಣಬೇಕು? ಗೆಳೆಯನಿಂದ ಎಳೆಸಿದೆ. 'ಕಂಬದ ಸ್ಪಷ್ಟ ಫೋಟೊ ಕಡ್ಡಾಯ' ಎಂದಿತು. ತೆಗೆದೆ. 'ಚಿತ್ರ ಮಸುಕಾಗಿದೆ' ಎಂದು ತಿರಸ್ಕರಿಸಿತು. ಕಂಬವನ್ನು ಇಷ್ಟು ಸ್ಪಷ್ಟವಾಗಿ ಕಾಣಲು ಬಂದಿದ್ದರೆ ದೂರು ಕೊಡುವ ಪ್ರಸಂಗವೇ ಬರುತ್ತಿರಲಿಲ್ಲ ಎಂದು ಷರಾ ಬರೆದೆ. ಅಂತೂ ಸ್ವೀಕರಿಸಿದರು. ಕೆಲವು ದಿನಗಳಾದ ಮೇಲೆ ಉತ್ತರವೂ ಬಂತು, ಫೋನೇ ಗಟ್ಟಿಯಾಗಿ ಓದಿ ಹೇಳಿತು: 'ಸಿಬ್ಬಂದಿ ಸ್ಥಳ ಪರಿಶೀಲನೆ ನಡೆಸಿದ್ದಾರೆ. ಕಂಬಕ್ಕೆ ಯಾವುದೇ ಹಾನಿ ಆಗಿರುವುದಿಲ್ಲ. ನಿಮ್ಮ ದೂರನ್ನು ಮುಕ್ತಾಯಗೊಳಿಸಲಾಗಿದೆ.'